ಕಣ್ಣಿಗೆ ಕಾಣದ ರೋಗ

ನಮ್ಮದು ಹಂದಿ ಸಾಕುವ ಮನೆ. ಒಮ್ಮೆ ಮರಿಗಳೆಲ್ಲ ಭೇದಿಯಿಂದ ಸತ್ತಾಗ ಅಪ್ಪ, “ಕಣ್ಣಿಗೆ ಕಾಣದ ರೋಗಾನ ಹೆಂಗಪ್ಪಾ ಗುರುತು ಹಿಡೀತಾರೆ?” ಎಂದು ಕೇಳಿದರು. ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಉತ್ತರ ತೋಚಲಿಲ್ಲ. ಅನಂತರ ಓದಿ ತಿಳಿದುದನ್ನು ಇಲ್ಲಿ ನಿವೇದಿಸಿದ್ದೇನೆ.

1971ರಲ್ಲಿ ಇಂಗ್ಲೆಂಡಿನ ಹಂದಿಗಳಲ್ಲಿ ಹೊಸದೊಂದು ಭೇದಿ ಕಾಣಿಸಿಕೊಂಡಿತು. ಅದಕ್ಕೆ ಕೊರೋನಾ ಕುಲದ ವೈರಸ್ ಕಾರಣವೆಂದು 1978ರಲ್ಲಿ ಗೊತ್ತಾಯಿತು. ಅದು ಸಣ್ಣಕರುಳಿನ ಜೀವಕೋಶಗಳನ್ನು ಕೆಡಿಸುವುದರಿಂದ ಎಳೆಯ ಮರಿಗಳು ಮೈಯ ನೀರಾರಿ ಸಾಯುತ್ತವೆ. ಆದರೆ ರೋಟಾ ಮೊದಲಾದ ವೈರಸ್‌ಗಳಿಂದಲೂ ಇಂಥದೇ ಭೇದಿ ಬರುತ್ತದೆ; ನೋಡಿದ ಮಾತ್ರಕ್ಕೆ ನಿರ್ಣಯಿಸಲಾಗದು.

ಆದುದರಿಂದ ಮಲದ ಮಾದರಿಯಿಂದ ಆರ್‌ಎನ್‌ಎ ಬೇರ್ಪಡಿಸಿ, ಅದನ್ನು ಡಿಎನ್‌ಎಗೆ ನಕಲಿಳಿಸಿ, ಪಿಸಿಆರ್ ಕ್ರಮದಿಂದ ಅಸಂಖ್ಯ ಪ್ರತಿಗಳಾಗಿ ಬೆಳೆಸುತ್ತಾರೆ. ಹುಡುಕುವ ವೈರಸ್ ಇದ್ದರಷ್ಟೇ ಅದು ಬೆಳೆಯುತ್ತದೆ. ಬಳಿಕ ಅದರ ವಂಶಲಿಪಿಯನ್ನು ಓದುತ್ತಾರೆ. ಈ ಲಿಪಿಗೆ ನಾಲ್ಕೇ ಅಕ್ಷರ. ಬರಹ ಮಾತ್ರ ಸುಮಾರು 28,000 ಅಕ್ಷರಗಳಷ್ಟು ಉದ್ದ. 2013ರಲ್ಲಿ ಈ ರೋಗ ಅಮೆರಿಕವನ್ನು ಮೊದಲಿಗೆ ಹೊಕ್ಕಾಗ, ಲಿಪಿಗಳನ್ನು ಹೋಲಿಸಿ, ಅದು ಚೀನಾದ ಆನ್‌ಹುಯಿ ಪ್ರಾಂತದ ವೈರಸ್‌ಗೆ ತೀರ ಹತ್ತಿರದ್ದೆಂದು ಕಂಡುಕೊಂಡರು.

ನಮ್ಮ ಮರಿಗಳ ಮಾದರಿಯನ್ನು ಯಾರೂ ತೆಗೆಯಲಿಲ್ಲ. ಅವು ಯಾವುದರಿಂದ ಸತ್ತುವೋ ಇನ್ನು ತಿಳಿಯುವಂತಿಲ್ಲ. ಮುಂದೆ ಹಾಗಾದರೆ, ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸೋಣವೆಂದು ಅಪ್ಪನಿಗೆ ಹೇಳಿದ್ದೇನೆ.