ಲೇಸರ್ ಮತ್ತು ಐಪಿಎಲ್: ಯಂತ್ರ ಕೊಳ್ಳುವ ಮುನ್ನ ತಿಳಿಯಬೇಕಾದ ವಿಷಯಗಳು

ಮದುವೆಯ ಹಂಗಾಮು ಬಂತೆಂದರೆ ಬಸವಕಲ್ಯಾಣ ಮತ್ತು ಹುಮನಾಬಾದ ಪಟ್ಟಣಗಳ ಬ್ಯೂಟಿ ಪಾರ್ಲರ್‌ಗಳಿಗೂ ಬಿಡುವಿಲ್ಲದ ಕಾಲ. ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್ ಮಾಡುವ ಉದ್ಯಮಿಗಳು ಗ್ರಾಹಕರ ಬೇಡಿಕೆಯನ್ನು ಕಂಡು ‘ಲೇಸರ್’ ಯಂತ್ರಕ್ಕೆ ಬಂಡವಾಳ ಹೂಡಲು ಯೋಚಿಸುವುದು ಸಹಜ. ಆದರೆ ಲೇಸರ್ ಎಂಬ ಹೆಸರಿನಲ್ಲಿ ಪ್ರಚಾರವಾಗುವ ಯಂತ್ರಗಳೆಲ್ಲವೂ ಲೇಸರ್ ಅಲ್ಲ. ಕೆಲವು ‘ಇಂಟೆನ್ಸ್ ಪಲ್ಸ್ಡ್ ಲೈಟ್’, ಅಂದರೆ ಐಪಿಎಲ್ ಯಂತ್ರಗಳು. ಇವೆರಡೂ ಬೇರೆ ಬೇರೆ ಸರಕು. ಈ ಭೇದವನ್ನು ಅರಿಯದೆ ವ್ಯವಹರಿಸಿದರೆ ಗ್ರಾಹಕರ ಚರ್ಮಕ್ಕೂ ವ್ಯಾಪಾರಿಯ ಹೆಸರಿಗೂ ಹಾನಿ ತಪ್ಪದು.

ಬೆಳಕಿನಲ್ಲಿರುವ ವ್ಯತ್ಯಾಸ

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ನಿರ್ಮಿಸಿದರು. ಲೇಸರ್ ಕಿರಣವು ಒಂದೇ ತರಂಗಾಂತರದ ಬೆಳಕು. ಕೂದಲು ನಿವಾರಣೆಗೆ ಬಳಸುವ ಅಲೆಕ್ಸಾಂಡ್ರೈಟ್ ಲೇಸರ್ 755, ಡಯೋಡ್ ಲೇಸರ್ ಸುಮಾರು 810, ಎನ್‌ಡಿ-ಯಾಗ್ ಲೇಸರ್ 1064 ನ್ಯಾನೋಮೀಟರ್ ತರಂಗಾಂತರದ್ದು. ಐಪಿಎಲ್ ಯಂತ್ರದಲ್ಲಿರುವುದು ಕ್ಯಾಮೆರಾದ ಫ್ಲ್ಯಾಶ್‌ನಂತೆ ಮಿಂಚುವ ಝೆನಾನ್ ದೀಪ. ಅದು ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಒಟ್ಟಾಗಿ ಹೊರಸೂಸುತ್ತದೆ. ಕಾಳನ್ನು ಜರಡಿ ಹಿಡಿದಂತೆ, ಫಿಲ್ಟರ್ ಅಳವಡಿಸಿ ಬೇಡದ ಕಿರುತರಂಗಗಳನ್ನು ತಡೆಯಲಾಗುತ್ತದೆ. ಹೀಗೆ ಸೋಸಿದರೂ ಉಳಿಯುವುದು ಮಿಶ್ರ ಬೆಳಕೇ.

ಎರಡರ ಕಾರ್ಯತತ್ತ್ವ ಮಾತ್ರ ಒಂದೇ. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿದರು. ಕೂದಲಿನ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಆ ಶಾಖದಿಂದ ಕೂದಲಿನ ಬೇರು ಹಾನಿಗೊಳ್ಳುತ್ತದೆ. ಬೆಳವಣಿಗೆಯ ಹಂತದಲ್ಲಿರುವ ಕೂದಲಿಗೆ ಮಾತ್ರ ಇದರ ಪರಿಣಾಮ ಹೆಚ್ಚಾಗಿರುವುದರಿಂದ ಕೆಲವು ವಾರಗಳ ಅಂತರದಲ್ಲಿ ಹಲವು ಬಾರಿ ಚಿಕಿತ್ಸೆ ಬೇಕಾಗುತ್ತದೆ. ಬಿಳಿ ಕೂದಲಿಗೆ ಇದು ಫಲಿಸದು. ಕೂದಲು ಬಹುಮಟ್ಟಿಗೆ ಕಡಿಮೆಯಾಗಬಹುದೇ ಹೊರತು ‘ಸಂಪೂರ್ಣ ನಿರ್ಮೂಲನೆ’ ಎಂಬ ಭರವಸೆ ಸಲ್ಲದು.

ನಮ್ಮ ಚರ್ಮಕ್ಕೆ ಯಾವುದು?

1975ರಲ್ಲಿ ರೂಪುಗೊಂಡ ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣವು ಮುಂದೆ ಚರ್ಮವನ್ನು ಆರು ಬಗೆಗಳಾಗಿ ವಿಂಗಡಿಸಿತು. ಭಾರತೀಯರಲ್ಲಿ ಹೆಚ್ಚಿನವರದು 4 ಮತ್ತು 5ನೆಯ ಬಗೆ. ಅಂದರೆ ನಮ್ಮ ಚರ್ಮದ ಮೇಲ್ಪದರದಲ್ಲಿಯೇ ಮೆಲನಿನ್ ಹೇರಳವಾಗಿದೆ. ಕಿರುತರಂಗದ ಬೆಳಕನ್ನು ಅದು ಹೆಚ್ಚು ಹೀರುವುದರಿಂದ ಬೇರಿಗೆ ತಲುಪಬೇಕಾದ ಶಾಖ ಮೇಲ್ಪದರದಲ್ಲೇ ಉಳಿದು ಸುಟ್ಟಗಾಯ ಹಾಗೂ ಕಪ್ಪು ಕಲೆಗಳಿಗೆ ಕಾರಣವಾಗಬಹುದು. ಮಿಶ್ರ ಬೆಳಕಿನ ಐಪಿಎಲ್‌ನಲ್ಲಿ ಈ ಅಪಾಯ ಅಧಿಕ. 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಕಿರಣವನ್ನು ಮೆಲನಿನ್ ಕಡಿಮೆ ಹೀರುವುದರಿಂದ ಕಪ್ಪು ಚರ್ಮಕ್ಕೆ ಅದು ಹೆಚ್ಚು ಸುರಕ್ಷಿತವೆನಿಸಿದೆ.

ಹಾಗೆಂದು ಐಪಿಎಲ್ ನಿರುಪಯುಕ್ತವಲ್ಲ. ಒಂದೇ ಯಂತ್ರದಿಂದ ಕೂದಲು, ಕಲೆ, ಚರ್ಮದ ಕೆಂಪು ಮೊದಲಾದ ಹಲವು ತೊಂದರೆಗಳಿಗೆ ಚಿಕಿತ್ಸೆ ನೀಡಬಹುದು. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಅದನ್ನು ನಮ್ಮ ಚರ್ಮಕ್ಕೆ ಹೊಂದಿಸಿ ನಡೆಸಲು ಪರಿಣತಿ ಅಗತ್ಯ. ಬೇಸಿಗೆಯ ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಚಿಕಿತ್ಸೆಯನ್ನು ಮುಂದೂಡಬೇಕು. ಮುಖದ ಮೇಲಿನ ‘ಬಂಗು’ ಇಂತಹ ಬೆಳಕಿನಿಂದ ಉಲ್ಬಣಿಸಲೂಬಹುದು. ಮಹಿಳೆಯರ ಮುಖದಲ್ಲಿ ಹಠಾತ್ತನೆ ಕೂದಲು ಹೆಚ್ಚಿದರೆ ಹಾರ್ಮೋನಿನ ದೋಷವಿದೆಯೇ ಎಂದು ಮೊದಲು ವೈದ್ಯರಿಂದ ಪರೀಕ್ಷಿಸಬೇಕು.

ಕಾನೂನು ಮತ್ತು ಹೊಣೆ

ಭಾರತೀಯ ಚರ್ಮರೋಗ ತಜ್ಞರ ಸಂಘವು 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಲೇಸರ್ ಮತ್ತು ಐಪಿಎಲ್ ಎರಡನ್ನೂ ತರಬೇತಿ ಪಡೆದ ವೈದ್ಯರ ಕೆಲಸವೆಂದೇ ಪರಿಗಣಿಸಿದೆ. ವೈದ್ಯಕೀಯ ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಅವಶ್ಯ. ಪಾರ್ಲರಿನ ವ್ಯಾಪಾರ ಪರವಾನಗಿ ಅದಕ್ಕೆ ಬದಲಿಯಾಗದು. ಐಪಿಎಲ್ ಇಟ್ಟುಕೊಂಡು ‘ಲೇಸರ್’ ಎಂದು ಫಲಕ ಹಾಕಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತೆಂಬ ದೂರಿಗೆ ಆಸ್ಪದವಾಗುತ್ತದೆ.

ಆದ್ದರಿಂದ ಯಂತ್ರ ಮಾರುವವರನ್ನು ಈ ಪ್ರಶ್ನೆಗಳನ್ನು ಕೇಳುವುದು ಒಳಿತು:

1. ಇದು ಲೇಸರೋ ಐಪಿಎಲ್ಲೋ? ತರಂಗಾಂತರವೆಷ್ಟು? ಲಿಖಿತವಾಗಿ ಕೊಡುವಿರಾ?
2. ವೈದ್ಯಕೀಯ ಸಾಧನಗಳ ನಿಯಮದಂತೆ ತಯಾರಿಕೆ ಅಥವಾ ಆಮದು ಪರವಾನಗಿಯ ಪ್ರತಿ ಇದೆಯೇ?
3. ದೀಪ ಎಷ್ಟು ಫ್ಲ್ಯಾಶ್ ಬಾಳುತ್ತದೆ? ಬದಲಿಸಲು ಖರ್ಚೆಷ್ಟು?
4. ಕೆಟ್ಟರೆ ದುರಸ್ತಿಗೆ ಯಾರು, ಎಲ್ಲಿಂದ ಬರುವರು?
5. ಕಣ್ಣಿನ ರಕ್ಷಣೆಗೆ ಆ ತರಂಗಾಂತರಕ್ಕೆ ತಕ್ಕ ಕನ್ನಡಕಗಳನ್ನು ಒದಗಿಸುವಿರಾ?

ತೃಪ್ತಿಕರ ಉತ್ತರ ದೊರೆಯದಿದ್ದಲ್ಲಿ ಬಂಡವಾಳವನ್ನು ತಡೆಹಿಡಿಯುವುದೇ ಜಾಣತನ. ಪಾರ್ಲರಿನ ನಿತ್ಯದ ಸೇವೆಗಳನ್ನು ಮುಂದುವರಿಸಿಕೊಂಡು, ಬೆಳಕಿನ ಚಿಕಿತ್ಸೆ ಬಯಸುವ ಗ್ರಾಹಕರನ್ನು ಅರ್ಹ ಚರ್ಮವೈದ್ಯರ ಬಳಿಗೆ ಕಳುಹಿಸುವುದರಲ್ಲಿ ನಷ್ಟವೇನಿಲ್ಲ. ಸಣ್ಣ ಊರಿನಲ್ಲಿ ಒಬ್ಬ ವಧುವಿನ ಮುಖದ ಮೇಲೆ ಉಳಿದ ಕಲೆಯ ಸುದ್ದಿ ಹತ್ತು ಮನೆಗೆ ತಲುಪುತ್ತದೆ. ಯಂತ್ರದ ಸಾಲ ತೀರಿಸಬಹುದು. ಹೋದ ನಂಬಿಕೆಯನ್ನು ಮರಳಿ ಗಳಿಸುವುದು ಕಷ್ಟ.