ನಿಮಗಿದು ಗೊತ್ತೆ? ನೆನಪು ಉಳಿಸಿ ಭಯ ಅಳಿಸುವ ಮಾತ್ರೆ

ರಕ್ತದೊತ್ತಡಕ್ಕೆ, ಎದೆಬಡಿತದ ಹತೋಟಿಗೆ ಕೊಡುವ ಪ್ರೊಪ್ರನೊಲಾಲ್ ಮಾತ್ರೆಯನ್ನು ಕಹಿ ನೆನಪುಗಳ ಮೇಲೂ ಪ್ರಯೋಗಿಸಿ ನೋಡಿದ್ದಾರೆ. ಕೆದಕಿದ ಹಳೆಯ ನೆನಪು ಕೆಲಹೊತ್ತು ಸಡಿಲಗೊಂಡು ಮತ್ತೆ ಗಟ್ಟಿಯಾಗುತ್ತದೆ. ಮದ್ದು ಕೆಲಸ ಮಾಡಬೇಕಾದದ್ದು ಆ ನಡುವೆಯೇ.

2009ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೆರೆಲ್ ಕಿಂಟ್ ತಂಡ ಜೇಡದ ಚಿತ್ರ ತೋರಿಸುತ್ತಾ ಸಣ್ಣಗೆ ಕರೆಂಟ್ ಶಾಕ್ ಕೊಟ್ಟು, ಕೆಲವರಲ್ಲಿ ಹೆದರಿಕೆ ಮೂಡಿಸಿತು. ಮರುದಿನ ಮಾತ್ರೆ ನುಂಗಿಸಿ ಅದೇ ಚಿತ್ರ ತೋರಿಸಿತು. ಮೂರನೆಯ ದಿನ ಚಿತ್ರ ಕಂಡರೂ ಅವರು ಬೆಚ್ಚಲಿಲ್ಲ. ಶಾಕ್ ಹೊಡೆಯಬಹುದೆಂಬ ತಿಳಿವಳಿಕೆ ಮಾತ್ರ ಹಾಗೇ ಇತ್ತು! ಸಿನಿಮಾದಲ್ಲಿ ಆಗುವಂತೆ ಇಡೀ ಘಟನೆಯೇನೂ ಮರೆತುಹೋಗಿರಲಿಲ್ಲ. ಮುಂದೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಪ್ರತಿಸಲವೂ ಇದೇ ಫಲ ಸಿಕ್ಕಿಲ್ಲ ಎನ್ನಿ.

ಇಂಥ ಮದ್ದಿನ ಬಗ್ಗೆ ಅಮೆರಿಕ ಅಧ್ಯಕ್ಷರ ಜೈವಿಕ ನೀತಿ ಮಂಡಳಿ 2003ರಲ್ಲೇ ಆತಂಕಪಟ್ಟಿತ್ತು. ಅಪರಾಧ ಕಣ್ಣಾರೆ ಕಂಡ ಸಾಕ್ಷಿಯ ನೆನಪು ಮೊಂಡಾದರೆ? ತಪ್ಪಿತಸ್ಥನ ಪಶ್ಚಾತ್ತಾಪವೂ ಕರಗಿದರೆ? ಪ್ರಶ್ನೆಗಳು ಸರಿಯೇ. ಆದರೆ ರಾತ್ರಿಯಿಡೀ ಬೆಚ್ಚಿ ಏಳುವ ಸಂತ್ರಸ್ತರಿಗೆ ‘ಸಹಿಸಿಕೊಳ್ಳಿ’ ಎನ್ನುವುದೂ ನ್ಯಾಯವಲ್ಲ.

ಅಂದಹಾಗೆ, ಈ ಮಾತ್ರೆಯನ್ನು ನೀವಾಗಿಯೇ ತಂದು ನುಂಗಬೇಡಿ. ಅಸ್ತಮಾ ಇರುವವರಿಗೆ ಇದು ಅಪಾಯಕಾರಿ.