ಪಿಟೀಲಿನ ಮುಂದೆ ನಿಂತು ಎಣಿಸಿದ ಏಳು ಆಲ್ಬಂ!

ಮೊದಲು ಒಂದು ಒಗಟು.

ವೈಯಾಲಿಕಾವಲ್‌ನಲ್ಲಿ ಒಂದು ಕುದುರೆ ಇದೆ. 1980ರಿಂದ ನಿಂತಲ್ಲೇ ನಿಂತಿದೆ. ಹುಲ್ಲು ಮುಟ್ಟಿಲ್ಲ, ನೀರು ಕುಡಿದಿಲ್ಲ, ಒಮ್ಮೆಯೂ ಕೆನೆದಿಲ್ಲ. ದಿನಾ ಎಷ್ಟೋ ಜನ ಅದರ ಮುಂದೆಯೇ ಸ್ಕೂಟರ್ ಓಡಿಸಿಕೊಂಡು ಹೋಗುತ್ತಾರೆ. ನೀವೂ ಹೋಗಿರುತ್ತೀರಿ! ಎಲ್ಲಿದೆ ಹೇಳಿ?

ಹೊಳೆಯಲಿಲ್ಲವೇ? ಇರಲಿ, ಉತ್ತರ ಕೊನೆಯಲ್ಲಿ. ಈಗಲೇ ಕಣ್ಣನ್ನು ಕೆಳಕ್ಕೆ ಓಡಿಸಬೇಡಿ!

ಒಂದೇ ಒಂದು ಸುಳಿವು ಕೊಡುತ್ತೇನೆ. ಬಡಾವಣೆಯ ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ. ವೈಯಾಲಿ, ವೈಯಾಳಿ, ವೈಹಾಳಿ. ಹಳಗನ್ನಡದಲ್ಲಿ ವೈಹಾಳಿ ಅಂದರೆ ಕುದುರೆ ಸವಾರಿ. ಕಾವಲ್ ಅಂದರೆ ಹುಲ್ಲುಗಾವಲು. ಹೆಸರು ಕೂಗಿದರೇ ಗೊರಸಿನ ಸದ್ದು ಕೇಳುತ್ತದೆ ಸ್ವಾಮಿ!

ನಾನು ಅಲ್ಲಿಗೆ ಹೋಗಿದ್ದು ಕುದುರೆ ಹುಡುಕಲು ಅಲ್ಲ. ವರ್ಷದ ಕೊನೆಗೆ ಬ್ಯಾಂಡಿನವರೆಲ್ಲ ಕೂತು ತಮಗೆ ಹುಚ್ಚು ಹಿಡಿಸಿದ ಆಲ್ಬಂಗಳ ಪಟ್ಟಿ ಮಾಡುತ್ತಾರಲ್ಲ, ಅಂಥದ್ದೇ ಪಟ್ಟಿ ನನ್ನ ತಲೆಯಲ್ಲೂ ಓಡುತ್ತಿತ್ತು. ನನ್ನದು ಒಂದು ವರ್ಷದ ಲೆಕ್ಕವಲ್ಲ. ಬೆಂಗಳೂರಿನ ಸ್ವತಂತ್ರ ಬ್ಯಾಂಡುಗಳ ಲೆಕ್ಕ! ಎಷ್ಟು ಆರಿಸಲಿ? ಐದು? ಹತ್ತು? ನಡೆಯುತ್ತಾ ಯೋಚಿಸುತ್ತಿದ್ದೆ. ತಲೆ ಎತ್ತಿದೆ. ಉತ್ತರ ಎದುರಿಗೇ ನಿಂತಿತ್ತು.

ಏಳು!

ಎದುರಿಗಿದ್ದದ್ದು ಚೌಡಯ್ಯ ಸ್ಮಾರಕ ಭವನ. ನೋಡಿದ್ದೀರಾ? ಬಸ್ಸಿನ ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಎದುರುಗಡೆ ಫುಟ್‌ಪಾತ್ ಮೇಲೆ ನಿಂತು ನೋಡಬೇಕು. ಅದು ಪಿಟೀಲಿನ ಫೋಟೊ ಅಂಟಿಸಿದ ಕಟ್ಟಡವಲ್ಲ. ಕಟ್ಟಡವೇ ಪಿಟೀಲು! ಉಬ್ಬಿದ ಹೊಟ್ಟೆ ಇದೆ. ಉದ್ದನೆಯ ಕತ್ತು ಇದೆ. ಬಿರಡೆಗಳಿವೆ. ಕಮಾನೂ ಇದೆ! ಸಾವಿರದಷ್ಟು ಜನ ಟಿಕೆಟ್ ಹಿಡಿದು ಪಿಟೀಲಿನ ಹೊಟ್ಟೆಯೊಳಗೆ ಹೋಗಿ ಕೂರುತ್ತಾರೆ. ಕೆ.ಕೆ. ಮೂರ್ತಿಯವರ ಕನಸು ಅದು.

ಈಗ ತಂತಿ ಎಣಿಸಿ. ಪಿಟೀಲಿಗೆ ಎಷ್ಟು ತಂತಿ? ನಾಲ್ಕು. ಎಲ್ಲರಿಗೂ ಗೊತ್ತು. ಇಲ್ಲಿ ಎಷ್ಟಿವೆ? ಮತ್ತೊಮ್ಮೆ ಎಣಿಸಿ. ಏಳು! ಕಟ್ಟಿದವರು ತಪ್ಪಿದರೇ?

ಇಲ್ಲವೇ ಇಲ್ಲ. ತಿರುಮಕೂಡಲು ಚೌಡಯ್ಯನವರ ಪಿಟೀಲಿಗೆ ಏಳೇ ತಂತಿ!

ಕಥೆ ಕೇಳಿ. ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಹುಡುಗ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದ. ಗುರುಗಳದು ಗುಡುಗಿನಂಥ ಶಾರೀರ. ಆಗ ಮೈಕಿಲ್ಲ. ಗುರುಗಳು ಹಾಡಿದರೆ ಹಿಂದಿನ ಸಾಲಿನವರಿಗೂ ಕೇಳುತ್ತಿತ್ತು. ಪಕ್ಕದಲ್ಲಿ ಕೂತು ನುಡಿಸುವವನ ಪಿಟೀಲು? ಅಲ್ಲೇ ಕರಗಿ ಹೋಗುತ್ತಿತ್ತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮೈಕು ಬರಲಿ ಅಂತ ಕಾಯುತ್ತಿದ್ದಿರಾ? ಗುರುಗಳಿಗೆ ಮೆಲ್ಲಗೆ ಹಾಡಿ ಅನ್ನುತ್ತಿದ್ದಿರಾ?

ಚೌಡಯ್ಯ ಮೂರು ತಂತಿಗಳಿಗೆ ಜೋಡಿ ತಂತಿ ಕಟ್ಟಿದರು. ಸ್ವರ ಒಂದೇ, ಸ್ಥಾಯಿ ಬೇರೆ. ಕಮಾನು ಒಮ್ಮೆ ಎಳೆದರೆ ಎರಡೆರಡು ತಂತಿ ಒಟ್ಟಿಗೆ ಮಿಡಿಯುತ್ತವೆ. ನಾಲ್ಕಕ್ಕೆ ಮೂರು ಸೇರಿ ಏಳು. ಹಿಂದಿನ ಸಾಲು ನೆಟ್ಟಗೆ ಕೂತಿತು!

ಅಷ್ಟಕ್ಕೇ ನಿಂತರೇ? ತ್ರಿಮಕುಟ ಎಂಬ ಅಂಕಿತದಲ್ಲಿ ತಾವೇ ಕೃತಿ ರಚಿಸಿದರು. 1943ರಲ್ಲಿ ‘ವಾಣಿ’ ಅಂತ ಸಿನಿಮಾ ಕೂಡ ತೆಗೆದರು! ಇದಕ್ಕೆ ಈಗ ಏನಂತಾರೆ? ಸ್ವತಂತ್ರ ಕಲಾವಿದ ಅಂತಾರೆ. ಸ್ವತಂತ್ರ! ಆ ಪದವನ್ನು ಒಮ್ಮೆ ಬಿಡಿಸಿ ನೋಡಿ. ತಂತ್ರ, ತಂತ್ರಿ, ತಂತಿ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಸ್ವಂತ ತಂತಿ ಕಟ್ಟಿಕೊಂಡವನೇ ಸ್ವತಂತ್ರ!

ನನ್ನ ಪಟ್ಟಿಗೆ ನಿಯಮ ಸಿಕ್ಕಿಬಿಟ್ಟಿತು. ನಾಲ್ಕು ತಂತಿ, ಅಂದರೆ ನಾಲ್ಕು ಬ್ಯಾಂಡು. ಅದರಲ್ಲಿ ಮೂರಕ್ಕೆ ಜೋಡಿ, ಅಂದರೆ ಅದೇ ಬ್ಯಾಂಡಿನ ಇನ್ನೊಂದು ಆಲ್ಬಂ. ಹೆಡ್‌ಫೋನ್ ಹಾಕಿಕೊಳ್ಳಿ, ಹೊರಡೋಣ!

ಮೊದಲ ತಂತಿ. ಈ ಆಲ್ಬಂಗೆ ಕನ್ನಡ ಹಾಡು ಬರೆದುಕೊಟ್ಟವರು ಒಮ್ಮೆಯೂ ಸ್ಟುಡಿಯೊಗೆ ಬರಲಿಲ್ಲ. ಒಂದು ಪೈಸೆ ಸಂಭಾವನೆ ಕೇಳಲಿಲ್ಲ. ಬಿಡುಗಡೆಯ ದಿನವೂ ಕಾಣಿಸಲಿಲ್ಲ. ಯಾಕೆ?

ಅವರು ತೀರಿಕೊಂಡು ಆಗಲೇ 119 ವರ್ಷವಾಗಿತ್ತು!

ಹೌದು, ಸಂತ ಶಿಶುನಾಳ ಶರೀಫರು! ಹುಟ್ಟಿದ್ದು 1819, ತೀರಿದ್ದು 1889. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದಾಗ ಅದರೊಳಗೆ ಶರೀಫರ ಎರಡು ಪದಗಳಿದ್ದವು. ಒಂದು ಹುಕ್ಕಾ ಸೇದುವ ಪದ. ಇನ್ನೊಂದು ಸೋರುವ ಮಾಳಿಗೆಯ ಪದ. ಪಕ್ಕದಲ್ಲೇ ಹಿಂದಿ ಹಾಡು, ಇಂಗ್ಲಿಷ್ ಹಾಡು! ಶರೀಫಜ್ಜ ಎಲೆಕ್ಟ್ರಿಕ್ ಗಿಟಾರಿಗೆ ಒಂಚೂರೂ ಬೆದರಲಿಲ್ಲ. ನೂರು ವರ್ಷದಿಂದ ಇದಕ್ಕೇ ಕಾಯುತ್ತಿದ್ದವರಂತೆ ಬಂದು ಕೂತುಬಿಟ್ಟರು!

ಹಾಡಿದಾತ ಯಾರು ಗೊತ್ತೇ? ಮೈಸೂರಿನಲ್ಲಿ ಬೆಳೆದ ಹುಡುಗ. ಮೈಕ್ರೊಬಯಾಲಜಿ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಕಾಲಿಗೆ ಗೆಜ್ಜೆ ಕಟ್ಟಿ ಭರತನಾಟ್ಯ ಕಲಿತವ. ಗಿಟಾರ್ ನುಡಿಸುವ ಸಹಪಾಠಿಯೊಬ್ಬ ನಾಟ್ಯವನ್ನು ಗೇಲಿ ಮಾಡಿದನಂತೆ. ಪಂಥ ಬಿತ್ತು! ಪಂಥಕ್ಕೆ ಎತ್ತಿಕೊಂಡ ಗಿಟಾರನ್ನು ಇಂದಿಗೂ ಕೆಳಗಿಟ್ಟಿಲ್ಲ. ಗೆಜ್ಜೆಯನ್ನೂ ಬಿಚ್ಚಿಲ್ಲ. ಬಣ್ಣದ ಲುಂಗಿ ಉಟ್ಟು, ಗೆಜ್ಜೆ ಕಟ್ಟಿಯೇ ವೇದಿಕೆಗೆ ಬರುತ್ತಾರೆ.

ವರ್ಷಗಟ್ಟಲೆ ಸಂಗೀತ ಕಂಪನಿಗಳ ಬಾಗಿಲು ತಟ್ಟಿದ್ದರು. ಯಾರೂ ತೆಗೆಯಲಿಲ್ಲ. ಕೊನೆಗೆ ತೆಗೆದವರು ಕಂಪನಿಯವರಲ್ಲ, ಸಿನಿಮಾ ಸಂಗೀತದ ಜೋಡಿ ವಿಶಾಲ್-ಶೇಖರ್! 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. ಆಮೇಲೆ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಈ ಆಲ್ಬಂ ಎಷ್ಟನೆಯದು? ಊಹಿಸಿ. ಇನ್ನೂ ಮೇಲೆ. ಇನ್ನೂ ಮೇಲೆ! ಮೊದಲನೆಯದು!

ಇದರ ಜೋಡಿ ತಂತಿ 2013ರ ‘ಜಗ್ ಚಂಗಾ’. ಲೋಕ ಚೆನ್ನಾಗಿದೆ ಅಂತ ಅರ್ಥ. ಅಲ್ಲೂ ಯಾರಿದ್ದಾರೆ? ಮತ್ತೆ ಶರೀಫಜ್ಜ!

ಎರಡನೆಯ ತಂತಿಗೆ ಬರುವ ಮುಂಚೆ, ಇಲ್ಲೊಂದು ಕುದುರೆ ಸಿಗುತ್ತದೆ. ಒಗಟಿನ ಕುದುರೆ ಇದಲ್ಲ, ಅವಸರ ಬೇಡ!

ಕೀಲುಕುದುರೆ ನೋಡಿದ್ದೀರಲ್ಲ? ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ. ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು ಕುಣಿಯುತ್ತಾರೆ. ಸವಾರನೂ ಆತನೇ, ಕುದುರೆಯ ಕಾಲೂ ಆತನದೇ! ಅದೇ ಕುದುರೆಯನ್ನು ಕಟ್ಟಿಕೊಂಡು ರಾಕ್ ವೇದಿಕೆಗೆ ನುಗ್ಗಿದವರು ಸ್ವರಾತ್ಮ ಬ್ಯಾಂಡಿನ ಗಾಯಕ ವಾಸು ದೀಕ್ಷಿತ್. ದೀಕ್ಷಿತ್ ಅಂದಕೂಡಲೇ ಅನುಮಾನ ಬಂತೇ? ಸರಿಯಾಗೇ ಬಂತು. ರಘು ಅವರ ತಮ್ಮ!

ಬ್ಯಾಂಡಿನ ಹೆಸರನ್ನೇ ಹೊತ್ತ ಮೊದಲ ಆಲ್ಬಂ ಬಂದದ್ದು 2009. ಅದರಲ್ಲಿ ‘ಪ್ಯಾಸಿ’ ಅಂತ ಒಂದು ಹಾಡಿದೆ. ಬಾಯಾರಿದವಳು ಅಂತ. ಯಾರಿಗೆ ಬಾಯಾರಿಕೆ? ಹೆಣ್ಣಿಗಲ್ಲ. ನದಿಗೆ! ಎರಡು ರಾಜ್ಯಗಳು ಕಿತ್ತಾಡುವ ಕಾವೇರಿಗೆ! ಲಾರಿಗೆ ಬೆಂಕಿ ಬಿದ್ದ ದಿನಗಳನ್ನು ಬೆಂಗಳೂರಿನವರು ಮರೆತಿಲ್ಲ. ಅದೇ ನದಿಯ ಬಗ್ಗೆ, ಎರಡೂ ದಡದಿಂದ ಒಂದು ಹೆಜ್ಜೆ ಹಿಂದೆ ಸರಿದು, ನದಿಯ ಗಂಟಲು ಒಣಗಿದೆ ನೋಡಿ ಅಂತ ಹಾಡುವುದು! ಚೌಡಯ್ಯನವರ ಊರನ್ನು ಸುತ್ತಿ ಹರಿಯುವ ನದಿ ಅಂತ ನೆನಪಾಯಿತು. ಮೈ ಜುಮ್ಮೆಂದಿತು!

ಆ ವರ್ಷದ ದೊಡ್ಡ ಸುದ್ದಿ ಇನ್ನೊಂದು. ಬ್ರಿಟಿಷ್ ಕೌನ್ಸಿಲ್ ದೇಶದ ನಾಲ್ಕು ಬ್ಯಾಂಡುಗಳನ್ನು ಆರಿಸಿತು. ಅದರಲ್ಲಿ ಸ್ವರಾತ್ಮ ಒಂದು. ಅವರ ಹಾಡು ರೆಕಾರ್ಡ್ ಮಾಡಲು ಬಂದ ನಿರ್ಮಾಪಕ ಯಾರು? ಜಾನ್ ಲೆಕಿ! ರೇಡಿಯೊಹೆಡ್‌ನ ‘ದ ಬೆಂಡ್ಸ್’ ರೂಪಿಸಿದ ಅದೇ ಕೈ!

ಜೋಡಿ ತಂತಿ, 2012ರ ‘ಟೋಪಿವಾಲೆ’. ಹಿಂದಿ ಪದವೇ, ಆದರೆ ನಮಗೆ ಅರ್ಥ ಹೇಳಿಕೊಡಬೇಕೇ? ಟೋಪಿ ಹಾಕುವುದು ಅಂದರೇನು ಅಂತ ಪ್ರತಿ ಚುನಾವಣೆಯಲ್ಲೂ ಕಲಿತಿದ್ದೇವೆ! ಶೀರ್ಷಿಕೆ ಹಾಡು ರಾಜಕಾರಣಿಗಳ ಟೋಪಿಯನ್ನು ಒಂದೊಂದಾಗಿ ಕೆಳಗಿಳಿಸುತ್ತದೆ.

ಮೂರನೆಯ ತಂತಿ ಮಳೆಯದು. ‘ಬಾರಾನ್’, 2014. ಪರ್ವಾಜ಼್ ಬ್ಯಾಂಡು. ಬಾರಾನ್ ಅಂದರೆ ಮಳೆ. ಖಾಲಿದ್ ಅಹಮದ್, ಕಾಶಿಫ್ ಇಕ್ಬಾಲ್ ಎಂಬ ಇಬ್ಬರು ಕಾಶ್ಮೀರಿಗಳು ಬೆಂಗಳೂರಿನಲ್ಲಿ ಕಟ್ಟಿದ ಬ್ಯಾಂಡು ಇದು. ಹಾಡುವುದು ಉರ್ದುವಿನಲ್ಲಿ, ಕಾಶ್ಮೀರಿಯಲ್ಲಿ!

ನಿಲ್ಲಿ, ನಿಜವಾದ ಬೆರಗು ಡ್ರಮ್ಸ್ ಹಿಂದೆ ಕೂತಿದೆ. ಕಾಶ್ಮೀರಿ ಹಾಡಿಗೆ ತಾಳ ಕೊಟ್ಟವರ ಹೆಸರು ಏನು? ಸಚಿನ್ ಬಾನಂದೂರು! ಬಾನಂದೂರು ಅಂದಕೂಡಲೇ ಜನಪದ ಗಾಯಕ ಬಾನಂದೂರು ಕೆಂಪಯ್ಯನವರು ನೆನಪಾದರೆ ನಿಮ್ಮ ಕಿವಿ ಗಟ್ಟಿ. ಬಿಡದಿ ಬಳಿಯ ಊರಿನ ಹೆಸರು ಅದು. ಕಾಶ್ಮೀರದ ಮಳೆ ಬಿದ್ದದ್ದು ರಾಮನಗರದ ಹೊಲಕ್ಕೆ!

ಸಂಜೆ ಹೊತ್ತು ದೀಪ ಆರಿಸಿ ಕೇಳಿ. ಗಿಟಾರ್ ಮೊದಲು ತೊಟ್ಟಿಕ್ಕುತ್ತದೆ. ಆಮೇಲೆ ಹನಿ ದಪ್ಪವಾಗುತ್ತದೆ. ಭಾಷೆ ಬರುವುದಿಲ್ಲ ಅಂತ ಮೊದಲ ನಿಮಿಷದಲ್ಲೇ ಮರೆತುಹೋಗುತ್ತದೆ. ಜೋಡಿ ತಂತಿ 2019ರ ‘ಕುನ್’. ಆಗು ಅಂತ ಅರ್ಥ. ಸೃಷ್ಟಿಗೆ ಮುಂಚಿನ ಆಜ್ಞೆ ಅದು. ಒಂದೇ ಪದದ ಹೆಸರು, ಲೋಕವೇ ಹುಟ್ಟುವಷ್ಟು ದೊಡ್ಡ ಪದ!

ಈಗ ನಾಲ್ಕನೆಯ ತಂತಿ. ಇದಕ್ಕೆ ಜೋಡಿ ಇಲ್ಲ. ಬೇಕಾಗಿಯೂ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ.

ಥರ್ಮಲ್ ಆ್ಯಂಡ್ ಎ ಕ್ವಾರ್ಟರ್. 1996ರಲ್ಲಿ ಹುಟ್ಟಿದ ಬೆಂಗಳೂರು ಬ್ಯಾಂಡು. ಹೆಸರಿನ ಅರ್ಥ ಹೇಳಿ ನೋಡೋಣ. ವಿದ್ಯುತ್ ಸ್ಥಾವರವೇ? ಜ್ವರವೇ? ಅಲ್ಲ! ಥ್ರೀ ಮಲ್ ಆ್ಯಂಡ್ ಎ ಕ್ವಾರ್ಟರ್. ಶುರುವಿನಲ್ಲಿ ಬ್ಯಾಂಡಿನಲ್ಲಿದ್ದದ್ದು ಮೂವರು ಪೂರ್ತಿ ಮಲಯಾಳಿಗಳು, ಒಬ್ಬ ಕಾಲು ಭಾಗ ಮಲಯಾಳಿ. ಮೂರೂಕಾಲು! ಮೀಟರ್ ಮೇಲೆ ಒಂದೂವರೆ ಕೇಳುವ ಆಟೊಗಳ ಊರಿಗೆ ಇದಕ್ಕಿಂತ ಒಪ್ಪುವ ಲೆಕ್ಕ ಬೇಕೇ?

ಅವರ ಗಿಟಾರ್ ವಾದಕರ ಹೆಸರು ಕೇಳಿದರೆ ಕುರ್ಚಿ ಹಿಡಿದುಕೊಳ್ಳುತ್ತೀರಿ. ಬ್ರೂಸ್ ಲೀ ಮಣಿ! ತಮಾಷೆಯಲ್ಲ. ಅದೇ ಹೆಸರು!

ಆಟೊ ಅಂದೆನಲ್ಲ? 2012ರಲ್ಲಿ ಇವರು ನಮ್ಮೂರಿನ ಆಟೊವನ್ನೇ ನೆಚ್ಚಿ ಒಂದು ಆಲ್ಬಂ ತಂದರು. ‘3 ವ್ಹೀಲ್ಸ್ 9 ಲೈವ್ಸ್’. ಚಕ್ರ ಮೂರು, ಆದ್ದರಿಂದ ಸಿ.ಡಿ.ಯೂ ಮೂರು! ಈಗ ಹೇಳಿ, ಹಾಡು ಎಷ್ಟು? ಎಂಟು? ಹನ್ನೆರಡು? ಹದಿನೆಂಟು?

28! ಒಂದೇ ಆಲ್ಬಂನಲ್ಲಿ 28 ಹಾಡು! ಇದಕ್ಕೆ ಜೋಡಿ ತಂತಿ ಯಾಕೆ ಕಟ್ಟಲಿ?

ನಾನು ಇದನ್ನು ಆಟೊದಲ್ಲೇ ಕೇಳಬೇಕೆಂದು ಹಟ ಹಿಡಿದೆ. ಸ್ಯಾಂಕಿ ಕೆರೆ ಕಡೆಗೆ ಹೊರಟಿದ್ದೆ. ಫೋನಿನ ಸ್ಪೀಕರ್ ಹಾಕಿದೆ. ಸಿಗ್ನಲ್ಲಿನಲ್ಲಿ ಎಂಜಿನ್ ಡುಗುಡುಗು, ಅದರ ಮೇಲೆ ಬೇಸ್ ಗಿಟಾರ್. ಚಾಲಕರು ಕನ್ನಡಿಯಲ್ಲಿ ನೋಡಿದರು. ‘ಏನ್ ಸಾರ್ ಇದು?’ ಅಂದರು. ‘ಆಟೊ ಮೇಲೆ ಮಾಡಿರೋ ಇಂಗ್ಲಿಷ್ ಹಾಡು’ ಅಂದೆ. ‘ಶಂಕರಣ್ಣಂದು ಬಿಟ್ಟು ಇನ್ನೊಂದಿದೆಯಾ?’ ಅಂದರು! ಹಸಿರು ಬಂತು. ‘ಸೌಂಡ್ ಜಾಸ್ತಿ ಕೊಡಿ’ ಅಂದರು. ಏಳು ಆಲ್ಬಂಗೂ ಸೇರಿ ನನಗೆ ಸಿಕ್ಕ ಅತಿ ದೊಡ್ಡ ವಿಮರ್ಶೆ ಇದೇ!

ಇನ್ನೂ ಇದೆ, ಕೇಳಿ. ಅದೇ 1996ರಲ್ಲಿ ಬೆಂಗಳೂರಿನಲ್ಲಿ ಫ್ರೀಡಂ ಜ್ಯಾಮ್ ಶುರುವಾಯಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಸ್ವತಂತ್ರ ಬ್ಯಾಂಡುಗಳ ಹಬ್ಬ! ಟಿಕೆಟ್ ಎಷ್ಟು? ಸೊನ್ನೆ!

ಕೊನೆಯ ಪ್ರಶ್ನೆ. ವೈಯಾಲಿಕಾವಲ್‌ನಿಂದ ಗುಟ್ಟಹಳ್ಳಿ ದಾಟಿದರೆ ಅರಮನೆ ಮೈದಾನ. 2007ರಲ್ಲಿ ಅಲ್ಲಿ ಐರನ್ ಮೇಡನ್ ಗುಡುಗಿತು. 2011ರಲ್ಲಿ ಮೆಟಾಲಿಕಾ ಬಂತು. ಅವರಿಬ್ಬರಿಗಿಂತ ಮುಂಚೆ, 2005ರಲ್ಲೇ, ಆ ಮೈದಾನವನ್ನು ಜನರಿಂದ ತುಂಬಿದವರು ಯಾರು? ಉದ್ದ ಕೂದಲಿಲ್ಲ, ಚರ್ಮದ ಜಾಕೆಟ್ಟಿಲ್ಲ. ಸಿ. ಅಶ್ವತ್ಥ್! ‘ಕನ್ನಡವೇ ಸತ್ಯ’! ಭಾವಗೀತೆಯ ಹೆಸರಲ್ಲಿ ಜನಸಾಗರ! ಶರೀಫಜ್ಜನನ್ನು ಮನೆಮನೆಗೆ ತಂದದ್ದೂ ಅದೇ ಗಂಟಲು ಅಲ್ಲವೇ?

ಈಗ ಒಗಟು. ಕುದುರೆ ಎಲ್ಲಿದೆ?

ಮತ್ತೆ ಚೌಡಯ್ಯ ಭವನದ ಎದುರು ಬನ್ನಿ. ಆ ಏಳು ತಂತಿಗಳ ಜಾಡು ಹಿಡಿದು ಕಣ್ಣು ಸರಿಸಿ. ತಂತಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ನಿಂತ ಒಂದು ಪುಟ್ಟ ಕಮಾನಿನಂಥ ಭಾಗ ಸಿಗುತ್ತದೆ. ಪಿಟೀಲು, ವೀಣೆ, ತಂಬೂರಿ ಮಾಡುವವರನ್ನು ಕೇಳಿ, ಅದಕ್ಕೆ ಏನಂತಾರೆ ಅಂತ.

ಕುದುರೆ!

ಅದಿಲ್ಲದಿದ್ದರೆ ತಂತಿ ಏಳಿದ್ದರೂ ಅಷ್ಟೇ, ಎಪ್ಪತ್ತಿದ್ದರೂ ಅಷ್ಟೇ. ತಂತಿಯ ನಡುಕವನ್ನು ಹೊತ್ತು ಮರದ ಹೊಟ್ಟೆಗೆ ಮುಟ್ಟಿಸುವುದು ಅದೇ. ವೈಹಾಳಿಯ ಬಯಲು ಮುಗಿದು ಮನೆಗಳೆದ್ದವು. ಕುದುರೆ ಮಾತ್ರ ಇಲ್ಲೇ ಉಳಿಯಿತು, ಬೆನ್ನ ಮೇಲೆ ಏಳು ತಂತಿ ಹೊತ್ತು!

ನಾಳೆ ಆ ಕಡೆ ಹೋದರೆ ಸ್ಕೂಟರ್ ನಿಲ್ಲಿಸಿ. ತಲೆ ಎತ್ತಿ. ಎಣಿಸಿ!